ಮೂರು ಗೈಡ್ ಇದೆ, ಯಾವ್ದು ಓದ್ಲಿ ಮೇಷ್ಟ್ರೇ?

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ನಾನು ಸೆಕೆಂಡ್ ಪಿಯು, ಪಿಸಿಎಂಬಿ. ಹೊಸನಗರದ ಹತ್ರ ಹಳ್ಳಿ, ಕೋಚಿಂಗ್‌ಗೆಲ್ಲ ಹೋಗೋಕಾಗಲ್ಲ, ಕೆಮಿಸ್ಟ್ರಿಗೆ ಗೈಡೇ ಗತಿ. ಸೀನಿಯರ್ ಅಕ್ಕ ಕೊಟ್ಟ 2019ರ ಸಿಇಟಿ ಗೈಡ್ ಇದೆ, ಅಪ್ಪ ಶಿವಮೊಗ್ಗದಿಂದ ತಂದ ಹೊಸ ನೀಟ್ ಗೈಡ್ ಇದೆ, ಅಮೆರಿಕದ ದೊಡ್ಡಮ್ಮನ ಮಗ ರಜೆಗೆ ಬಂದಾಗ ಅವನ ಎಪಿ ಕೆಮಿಸ್ಟ್ರಿ ರಿವ್ಯೂ ಬುಕ್ಕೂ ಬಿಟ್ಟುಹೋಗಿದಾನೆ. ಮೂರೂ ಓದ್ಲಾ, ಒಂದೇ ಸಾಕಾ? ಗೈಡ್ ಓದುವಾಗ ಎಲ್ಲ ಬರುತ್ತೆ ಅನ್ಸುತ್ತೆ, ಟೆಸ್ಟಲ್ಲಿ ಮಾತ್ರ ಕೈಕೊಡುತ್ತೆ.

ಉತ್ತರ: ನಿನ್ನ ಕೊನೇ ಸಾಲೇ ಅಸಲಿ ಪ್ರಶ್ನೆ ಮಾರಾಯ್ತಿ, ಮೊದ್ಲು ಅದನ್ನೇ ನೋಡೋಣ.

ಹ್ಯಾಲೋಆಲ್ಕೇನ್ ಪಾಠ ತಗೋ, ಅಂದ್ರೆ ಕಾರ್ಬನ್ನಿಗೆ ಕ್ಲೋರಿನ್ ಥರದ ಹ್ಯಾಲೋಜನ್ ಅಂಟಿಕೊಂಡಿರೋ ಸಂಯುಕ್ತಗಳದ್ದು. ಆ ಹ್ಯಾಲೋಜನ್ ಮೊದ್ಲು ಬಿಟ್ಟುಹೋಗಿ, ಆಮೇಲೆ ಅದ್ರ ಜಾಗಕ್ಕೆ ಬೇರೇದು ಬಂದು ಕೂರೋದೇ ಎಸ್‌ಎನ್‌1. ಎಸ್‌ಎನ್‌1 ರಿಯಾಕ್ಷನ್‌ಗೆ ಟರ್ಷಿಯರಿ (ಹ್ಯಾಲೋಜನ್ ಇರೋ ಕಾರ್ಬನ್ನಿಗೆ ಬೇರೆ ಮೂರು ಕಾರ್ಬನ್ ಸೇರಿರೋದು) ಮುಂದೆ, ಸೆಕೆಂಡರಿ (ಎರಡು ಸೇರಿರೋದು) ಆಮೇಲೆ, ಪ್ರೈಮರಿ (ಒಂದೇ ಸೇರಿರೋದು) ಕೊನೆಗೆ ಅಂತ ಗೈಡಲ್ಲಿ ಬಾಕ್ಸ್ ಹಾಕಿ ಕೊಟ್ಟಿರ್ತಾರೆ, ನೀನು ಬಾಯಿಪಾಠ ಮಾಡ್ತೀಯ, ಸರಿ. ಪೇಪರಲ್ಲಿ ಬೆಂಜೈಲ್ ಕ್ಲೋರೈಡ್ ಬರುತ್ತೆ. ಅದು ಪ್ರೈಮರಿ ತಾನೇ ಅಂತ ಕೊನೆಗೆ ಹಾಕಿ ಬರ್ತೀಯ. ಆದ್ರೆ ಅದು ಎಸ್‌ಎನ್‌1ಗೆ ಚುರುಕು, ಯಾಕಂದ್ರೆ ಕ್ಲೋರಿನ್ ಬಿಟ್ಟುಹೋದ್ಮೇಲೆ ಉಳಿಯೋ ಕಾರ್ಬೊಕ್ಯಾಟಯಾನಿನ ಪಾಸಿಟಿವ್ ಚಾರ್ಜು ಬೆಂಜೀನ್ ರಿಂಗಿಗೂ ಹಂಚ್ಕೊಂಡು ಹೋಗುತ್ತೆ, ಅದಕ್ಕೆ ಅದು ಗಟ್ಟಿಯಾಗಿ ನಿಲ್ಲುತ್ತೆ. ಇದನ್ನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಚಿತ್ರ ಬರ್ದು ತೋರ್ಸಿದಾರೆ. ಬಾಕ್ಸಲ್ಲಿ 'ಏನು' ಇರುತ್ತೆ, 'ಯಾಕೆ' ಇರಲ್ಲ, ಪೇಪರ್ ತೆಗೆಯೋರು ಕೇಳೋದು ಅಲ್ಲೇ.

ಅದಕ್ಕೆ ಟೆಕ್ಸ್ಟ್‌ಬುಕ್ ಮೊದ್ಲು. ಪಾಠ ಓದು, ಮುಚ್ಚಿಡು, ಆಮೇಲೆ ಗೈಡಿನ ಪ್ರಶ್ನೆಗಳನ್ನ ಪೆನ್ ಹಿಡ್ಕೊಂಡು ಮಾಡು, ಉತ್ತರ ಇರೋ ಪುಟ ಮಧ್ಯ ಮಧ್ಯ ತಿರುವಿ ನೋಡ್ಬೇಡ. ತಪ್ಪಾದ್ದಕ್ಕೆ ಪಕ್ಕದಲ್ಲೇ ಒಂದು ಸಾಲು ಬರಿ, ಯೂನಿಟ್ ಮರೆತಿದ್ದಾ, ಲೆಕ್ಕ ಎಡವಿದ್ದಾ, ವಿಷ್ಯಾನೇ ಗೊತ್ತಿಲ್ವಾ ಅಂತ. ಗೊತ್ತಿಲ್ದೆ ಹೋದದ್ದಕ್ಕೆ ಮಾತ್ರ ವಾಪಸ್ ಪಾಠಕ್ಕೆ ಹೋಗು. ಹೈಲೈಟರ್ ಹಾಕಿ ಪುಟ ಹಳದಿ ಮಾಡೋದ್ರಲ್ಲಿ ನಂಗಂತೂ ನಂಬಿಕೆ ಇಲ್ಲ.

ಈಗ ಅಕ್ಕನ ಗೈಡು. 2019ರದ್ದು ಅಂದ್ರೆ ಅದ್ರಲ್ಲಿ ಸೆಕೆಂಡ್ ಪಿಯುದೇ 16 ಪಾಠ ಇರುತ್ತೆ, ಈಗಿನ ಪುಸ್ತಕದಲ್ಲಿ ಇರೋದು 10. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಮೆಟಲರ್ಜಿ, ಪಿ ಬ್ಲಾಕ್, ಪಾಲಿಮರ್, ಎವ್ರಿಡೇ ಲೈಫ್ ಎಲ್ಲ ತೆಗೆದಾಗಿದೆ. ಅವನ್ನ ಪೆನ್ಸಿಲಲ್ಲಿ ಅಡ್ಡಗೆರೆ ಹೊಡಿ, ಉಳಿದದ್ದು ಪ್ರಾಕ್ಟೀಸ್‌ಗೆ ಚೆನ್ನಾಗೇ ಇರುತ್ತೆ. ಸಿಲೆಬಸ್ಸಲ್ಲಿ ಇಲ್ಲದ್ದು ಬರಲ್ವಾ ಅಂತ ಕೇಳ್ಬೇಡ, 2024ರ ಸಿಇಟಿಲಿ ಬಂದು ರಾದ್ಧಾಂತ ಆಗಿ, ಎಲ್ಲ ಸಬ್ಜೆಕ್ಟ್ ಸೇರಿ 50 ಪ್ರಶ್ನೆ ಮೌಲ್ಯಮಾಪನದಿಂದ ಕೈಬಿಟ್ರು.

ಆದ್ರೆ ತಡಿ, ನೀಟೂ ಬರೀತೀಯ ಅಂದ್ರೆ ಪಿ ಬ್ಲಾಕಿಗೆ ಗೆರೆ ಹೊಡೀಬೇಡ. ಪಿ ಬ್ಲಾಕ್ ಅಂದ್ರೆ ಪೀರಿಯಾಡಿಕ್ ಟೇಬಲ್ಲಿನ 13ರಿಂದ 18ನೇ ಗ್ರೂಪ್, ಅಷ್ಟನ್ನೂ ನೀಟ್ ಸಿಲೆಬಸ್ಸಲ್ಲಿ ಇಟ್ಟಿದಾರೆ, ಪುಸ್ತಕದಲ್ಲಿಲ್ಲ, ಪರೀಕ್ಷೆಲಿ ಇದೆ, ಎಂತ ಮಾಡೋದು ಹೇಳು! ಅದಕ್ಕೆ ಅಕ್ಕನ ಹಳೇ ಗೈಡೇ ಉಪಯೋಗಕ್ಕೆ ಬರೋದು. ಇನ್ನೊಂದು, ಸಿಇಟಿಲಿ ಕೆಮಿಸ್ಟ್ರಿಗೆ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಾದ್ರೆ ಮಾರ್ಕ್ಸ್ ಕಟ್ ಇಲ್ಲ, ಒಂದೂ ಖಾಲಿ ಬಿಡ್ಬೇಡ. ನೀಟಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1, ಅಲ್ಲಿ ಅಂದಾಜಲ್ಲಿ ಗುಂಡು ಹೊಡೆಯೋ ಹಾಗಿಲ್ಲ. ಎರಡು ಗೈಡನ್ನೂ ಒಂದೇ ರೀತಿ ಬಿಡಿಸ್ತಾ ಕೂತ್ರೆ ಈ ಅಭ್ಯಾಸ ಕೆಡುತ್ತೆ. ಬೋರ್ಡ್ ಪರೀಕ್ಷೆಯ 70 ಮಾರ್ಕ್ಸ್ ಥಿಯರಿಗೆ ಬೋರ್ಡಿನ ಹಳೇ ಪೇಪರ್‌ಗಳೇ ಸಾಕು, ಗೈಡ್ ಬೇಡ.

ಇನ್ನು ಅಮೆರಿಕದ ಪುಸ್ತಕ. ಎಪಿ ಅಂದ್ರೆ ಅಲ್ಲಿ ಹೈಸ್ಕೂಲಲ್ಲೇ ಕಾಲೇಜು ಮಟ್ಟದ ಪಾಠ ಓದಿ ಮೇ ತಿಂಗಳಲ್ಲಿ ಬರೆಯೋ ಪರೀಕ್ಷೆ, ಸ್ಕೋರು 1ರಿಂದ 5. ಅದ್ರಲ್ಲಿ 9 ಯೂನಿಟ್, ಆರ್ಗ್ಯಾನಿಕ್‌ಗೆ ಅಂತ ಒಂದೂ ಇಲ್ಲ, ನಿಂದು 10 ಪಾಠದಲ್ಲಿ 5 ಆರ್ಗ್ಯಾನಿಕ್ ಕಡೆದೇ. ಅಲ್ಲಿಗೆ ಅರ್ಧ ಸಿಲೆಬಸ್‌ಗೆ ಅದು ಕೆಲಸಕ್ಕೆ ಬರಲ್ಲ. ಆದ್ರೆ ಕೈನೆಟಿಕ್ಸ್, ಎಲೆಕ್ಟ್ರೋಕೆಮಿಸ್ಟ್ರಿ, ಫಸ್ಟ್ ಪಿಯುದ ಈಕ್ವಿಲಿಬ್ರಿಯಂಗೆ ಅದನ್ನ ಬಿಡಿಸಿ ನೋಡು, ಯಾಕಂದ್ರೆ ಆ ಪರೀಕ್ಷೆಲಿ 60 ಎಂಸಿಕ್ಯೂ ಆದ್ಮೇಲೆ 105 ನಿಮಿಷಕ್ಕೆ 7 ಬರೆಯೋ ಪ್ರಶ್ನೆ ಇರುತ್ತೆ, ಬರೀ ಉತ್ತರ ಬರೆದ್ರೆ ಸಾಲಲ್ಲ, ಕಾರಣ ವಾಕ್ಯದಲ್ಲಿ ಬರೀಬೇಕು. ಬೆಂಜೈಲ್ ಕ್ಲೋರೈಡಲ್ಲಿ ನೀನು ಎಡವೋದು ಅಂಥ ಕಡೆಯೇ. ಒಂದು ಎಚ್ಚರ, ಅವ್ರಿಗೆ ಕ್ಯಾಲ್ಕುಲೇಟರ್ ಉಂಟು, ನಿಂಗೆ ಸಿಇಟಿಲೂ ಇಲ್ಲ ನೀಟಲ್ಲೂ ಇಲ್ಲ. ಆ ಲೆಕ್ಕಗಳನ್ನೂ ಕೈಯಲ್ಲೇ ಮಾಡು, ಲಾಗ್ 2 ಅಂದ್ರೆ 0.3010, ಲಾಗ್ 3 ಅಂದ್ರೆ 0.4771 ಅಂತ ತಲೇಲಿರ್ಲಿ.