ಅರಿವಳಿಕೆ ನರ್ಸ್ ಆಗಲು ಅಮೆರಿಕದಲ್ಲಿ ಎಷ್ಟು ಅಂಕ ಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದಿದವಳು. ಒಟ್ಟು ಶೇ 64 ಅಂಕ ಬಂದಿದೆ, ಆದರೆ ಫಾರ್ಮಕಾಲಜಿಯಲ್ಲಿ 52 ಮಾತ್ರ. ಅಲ್ಲಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ಮೂರು ವರ್ಷ ಕೆಲಸ ಮಾಡಿ, ಎನ್‌ಕ್ಲೆಕ್ಸ್ ಎಂಬ ಅಮೆರಿಕದ ನರ್ಸಿಂಗ್ ಪರವಾನಗಿ ಪರೀಕ್ಷೆ ಪಾಸಾಗಿ, ಈಗ ಟೆಕ್ಸಾಸ್‌ನಲ್ಲಿ ಸಾಮಾನ್ಯ ವಾರ್ಡಿನ ನರ್ಸ್ ಆಗಿದ್ದೇನೆ. ಮುಂದೆ ಸಿಆರ್‌ಎನ್‌ಎ, ಅಂದರೆ ಅರಿವಳಿಕೆ ನೀಡುವ ನರ್ಸ್ ಆಗಬೇಕೆಂಬ ಆಸೆ. ಕಾಲೇಜುಗಳು 3.0 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಕೇಳುತ್ತಿವೆ. ನನ್ನ ಅಂಕ ಸಾಕಾಗುತ್ತದೆಯೇ?
– ಓದುಗರು, ಹ್ಯೂಸ್ಟನ್

ಉತ್ತರ: ಮೊದಲು ಒಂದು ಭಯ ಬಿಡಿ. 64ನ್ನು 25ರಿಂದ ಭಾಗಿಸಿ 2.56 ಎಂದು ಲೆಕ್ಕ ಹಾಕಿ ಕೈಚೆಲ್ಲುವವರನ್ನು ಕಂಡಿದ್ದೇನೆ. ಲೆಕ್ಕ ಹಾಗೆ ನಡೆಯುವುದಿಲ್ಲ. ಅಮೆರಿಕದ ತರಗತಿಯಲ್ಲಿ 64 ಎಂದರೆ ‘ಡಿ’ ದರ್ಜೆ, ನಮ್ಮಲ್ಲಿ ಅದು ಪ್ರಥಮ ದರ್ಜೆ. ಡಬ್ಲ್ಯುಇಎಸ್‌ನಂತಹ ವಿದೇಶಿ ಪದವಿಗಳ ಮೌಲ್ಯಮಾಪನ ಸಂಸ್ಥೆಗಳು ನಿಮ್ಮ ಅಂಕವನ್ನು ಭಾರತದ ಅಳತೆಗೋಲಿನಲ್ಲಿಯೇ ಓದಿ ಅಲ್ಲಿನ ದರ್ಜೆಗೆ ಹೊಂದಿಸುತ್ತವೆ. ಆದ್ದರಿಂದ ಪ್ರಥಮ ದರ್ಜೆಯವರ ಜಿಪಿಎ ಸಾಮಾನ್ಯವಾಗಿ 3.0ರ ಗೆರೆ ದಾಟುತ್ತದೆ. ಒಟ್ಟು ಅಂಕದ ವರದಿ ಮಾತ್ರ ಸಾಲದು, ವಿಷಯವಾರು ವರದಿಯನ್ನೇ ಮಾಡಿಸಿ. ಯಾವ ಸಂಸ್ಥೆಯ ವರದಿಯನ್ನು ಒಪ್ಪುತ್ತಾರೆ ಎಂದು ಕಾಲೇಜನ್ನು ಕೇಳಿಕೊಂಡ ಮೇಲೆಯೇ ಹಣ ಕಟ್ಟಿ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಲು ಸಮಯ ಹಿಡಿಯುತ್ತದೆ, ಅರ್ಜಿಯ ಕೊನೆಯ ದಿನಾಂಕದವರೆಗೆ ಕಾಯಬೇಡಿ.

ಆದರೆ 3.0 ಎಂಬುದು ಅರ್ಜಿ ಹಾಕಲು ಬೇಕಾದ ಅರ್ಹತೆ, ಅಷ್ಟೇ. ಈ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ ಇಂತಿಷ್ಟೇ ಜಿಪಿಎ ಇರಬೇಕೆಂದು ಕಟ್ಟು ಹಾಕಿಲ್ಲ, ಆ ಮಿತಿ ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗುತ್ತದೆ. ಸೀಟು ಸಿಕ್ಕವರಲ್ಲಿ ಬಹಳಷ್ಟು ಮಂದಿಯದು 3.5ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಒಟ್ಟು ಅಂಕದ ಜತೆಗೆ ಅನಾಟಮಿ, ಫಿಸಿಯಾಲಜಿ, ಕೆಮಿಸ್ಟ್ರಿ, ಫಾರ್ಮಕಾಲಜಿಯಂತಹ ವಿಜ್ಞಾನ ವಿಷಯಗಳ ಜಿಪಿಎಯನ್ನು ಪ್ರತ್ಯೇಕವಾಗಿ ನೋಡುತ್ತಾರೆ. ಕೊನೆಯ 60 ಕ್ರೆಡಿಟ್‌ಗಳನ್ನು (ಓದಿನ ಪ್ರಮಾಣ ಅಳೆಯುವ ಘಟಕ) ಮಾತ್ರ ಲೆಕ್ಕಕ್ಕೆ ಹಿಡಿಯುವ ಕಾಲೇಜುಗಳೂ ಇವೆ.

ಹೀಗಾಗಿ ನಿಮ್ಮ 52 ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ದಿನವಿಡೀ ಔಷಧಿಯ ಜತೆಯಲ್ಲೇ ಇರುವ ಕೆಲಸಕ್ಕೆ ಬರುವವರಿಗೆ ಫಾರ್ಮಕಾಲಜಿಯೇ ತೆಳುವಾದರೆ ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೊಸ ಅಂಕದಲ್ಲಿದೆ. ಮಾನ್ಯತೆಯಿರುವ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಮಟ್ಟದ ಫಾರ್ಮಕಾಲಜಿ ಅಥವಾ ಪ್ಯಾಥೊಫಿಸಿಯಾಲಜಿ ತೆಗೆದುಕೊಂಡು ‘ಎ’ ದರ್ಜೆ ಗಳಿಸಿ. ನಮ್ಮ ಬಿಎಸ್ಸಿಯಲ್ಲಿ ಬಯೋಕೆಮಿಸ್ಟ್ರಿ ಇದ್ದರೂ ಪಿಯುಸಿಯ ನಂತರ ಸಾಮಾನ್ಯ ರಸಾಯನಶಾಸ್ತ್ರ ಪ್ರತ್ಯೇಕವಾಗಿ ಬರುವುದಿಲ್ಲ. ಕೇಳುವ ಕಡೆ ಅದನ್ನು ಕಮ್ಯೂನಿಟಿ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಮುಗಿಸಬಹುದು. ವಿಜ್ಞಾನ ವಿಷಯ ಓದಿ ಐದೋ ಹತ್ತೋ ವರ್ಷ ಮೀರಿದ್ದರೆ ಮತ್ತೆ ಓದಿ ಬನ್ನಿ ಎನ್ನುವ ಕಾಲೇಜುಗಳೂ ಉಂಟು. ಹಳೆಯ ಅಂಕ ಹೇಗೂ ಅಳಿಸಿಹೋಗುವುದಿಲ್ಲ, ಹಲವು ಕಡೆ ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಆದರೂ ಇತ್ತೀಚಿನ ‘ಎ’ಗೆ ತೂಕ ಹೆಚ್ಚು.

ಜಿಪಿಎ ನಿಜವಾಗಿಯೂ 3.0ಕ್ಕಿಂತ ಕೆಳಗಿರುವ ಓದುಗರಿಗೆ ಒಂದು ಲೆಕ್ಕ: 120 ಕ್ರೆಡಿಟ್‌ಗೆ 2.8 ಇರುವವರು 3.0 ಮುಟ್ಟಲು ಇನ್ನೂ 24 ಕ್ರೆಡಿಟ್ ಓದಿ ಎಲ್ಲದರಲ್ಲೂ ‘ಎ’ ಪಡೆಯಬೇಕು. ಮೂರು ಕ್ರೆಡಿಟ್‌ನ ಎಂಟು ವಿಷಯಗಳು. ಕಷ್ಟ, ಆದರೆ ಆಗದ ಮಾತಲ್ಲ.

ಇನ್ನು, ನೀವು ಕೇಳದಿದ್ದರೂ ನಾನು ಹೇಳಲೇಬೇಕಾದದ್ದು. ಅಂಕಕ್ಕಿಂತ ದೊಡ್ಡ ತೊಡಕು ನಿಮ್ಮ ಅನುಭವದ್ದು. ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಐಸಿಯು ಅನುಭವ ಬೇಕು, ಅದೂ ಅಮೆರಿಕದಲ್ಲಿ, ಅದರ ಅಧೀನ ಪ್ರದೇಶಗಳಲ್ಲಿ ಅಥವಾ ಹೊರದೇಶದಲ್ಲಿರುವ ಅದರ ಸೇನಾ ಆಸ್ಪತ್ರೆಯಲ್ಲಿ ಗಳಿಸಿದ್ದಾಗಿರಬೇಕು. ನಿಮ್ಮ ಬೆಂಗಳೂರಿನ ಮೂರು ವರ್ಷ ಈ ಲೆಕ್ಕಕ್ಕೆ ಬರುವುದಿಲ್ಲ. ವೆಂಟಿಲೇಟರ್ ಎಲ್ಲಿದ್ದರೂ ವೆಂಟಿಲೇಟರೇ, ಈ ನಿಯಮ ನನಗೆ ನೋವು ತರುತ್ತದೆ. ಆದರೂ ನಿಯಮ ಇರುವುದು ಹೀಗೆ. ವಾರ್ಡಿನಲ್ಲಿ ಕಳೆಯುವ ಪ್ರತಿ ತಿಂಗಳೂ ನಿಮ್ಮ ಅರ್ಜಿಯನ್ನು ಅಷ್ಟು ಮುಂದೂಡುತ್ತದೆ.

ಐಸಿಯು ಸೇರಿದ ಮೇಲೆ ಸಿಸಿಆರ್‌ಎನ್ ಎಂಬ, ಐಸಿಯು ನರ್ಸ್‌ಗಳ ಪ್ರಮಾಣಪತ್ರದ ಪರೀಕ್ಷೆ ಬರೆಯಿರಿ. ಬಹಳ ಕಾಲೇಜುಗಳು ಅದನ್ನು ಕೇಳುತ್ತವೆ, ಕೇಳದವೂ ಮೆಚ್ಚುತ್ತವೆ. ಬೆಂಗಳೂರಿನ ಮೂರು ವರ್ಷ ನಿಮಗೆ ಸಂದರ್ಶನದಲ್ಲಿ ಕೈಗೆ ಬರುತ್ತದೆ. ನಾರ್‌ಎಪಿನೆಫ್ರಿನ್ ಪ್ರಮಾಣ ಏರಿಸುತ್ತಾ ಹೋದರೂ ರೋಗಿಯ ಬಿಪಿ ಮೇಲೇಳುತ್ತಿಲ್ಲ, ವ್ಯಾಸೋಪ್ರೆಸಿನ್ ಸೇರಿಸುವುದೇಕೆ, ಅದು ಯಾವ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತದೆ ಎಂದು ಕೇಳುತ್ತಾರೆ. ಹಾಸಿಗೆಯ ಪಕ್ಕ ನಿಂತು ಮಾಡಿದವರು ಕೊಡುವ ಉತ್ತರದ ಧಾಟಿಯೇ ಬೇರೆ. ಅಲ್ಲಿ ಒಳ್ಳೆಯ ಉತ್ತರ ಕೊಟ್ಟವರಿಗೆ ಹಳೆಯ 52 ಅಷ್ಟಾಗಿ ಕಾಡುವುದಿಲ್ಲ.

ಹಣದ ಮಾತು ಒಂದಿದೆ. ಈಗ ಎಲ್ಲ ಕೋರ್ಸ್‌ಗಳೂ ಡಾಕ್ಟರೇಟ್ ಮಟ್ಟದವು, ಕನಿಷ್ಠ 36 ತಿಂಗಳು. ಆ ಅವಧಿಯಲ್ಲಿ ನೌಕರಿ ಮಾಡಲು ಬಹುತೇಕ ಸಾಧ್ಯವಾಗುವುದಿಲ್ಲ, ‘ಬಿ’ಗಿಂತ ಕಡಿಮೆ ಬಂದರೆ ಕೋರ್ಸಿನಿಂದಲೇ ಹೊರಹಾಕುವ ಕಾಲೇಜುಗಳಿವೆ. ಮನೆಯವರೊಂದಿಗೆ ಈಗಲೇ ಕುಳಿತು ಮಾತಾಡಿ. ಈ ವಾರವೇ ನಿಮ್ಮ ನರ್ಸ್ ಮ್ಯಾನೇಜರ್ ಬಳಿ ಐಸಿಯು ವರ್ಗಾವಣೆಯ ವಿಷಯ ಎತ್ತಿ, ಮುಂದಿನ ಸೆಮಿಸ್ಟರಿಗೆ ಫಾರ್ಮಕಾಲಜಿ ತರಗತಿಗೆ ಹೆಸರು ಕೊಡಿ.