ಗೆರೆ ಇಳಿದದ್ದು ಯಾವಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 27. ಬಾಗಲಕೋಟೆ ಕಡೆಯವನು, ಕೆಎಎಸ್ ತಯಾರಿಗೆಂದು ವಿಜಯನಗರದ ಪಿಜಿಯೊಂದರಲ್ಲಿದ್ದಾನೆ. ಮಾಕ್ ಟೆಸ್ಟ್ ಶುರುವಾಗಿ ಹತ್ತು ನಿಮಿಷಕ್ಕೇ ಕೈ ತಣ್ಣಗಾಗಿ ಬೆವರುತ್ತವೆ, ಓದಿದ್ದೆಲ್ಲ ಮರೆತುಹೋಗುತ್ತದೆ. ರಾತ್ರಿ ಎರಡಾದರೂ ನಿದ್ದೆಯಿಲ್ಲ. ದಿನಕ್ಕೆ ಎಂಟು ಚಹಾ. ಥೈರಾಯ್ಡ್, ಹೃದಯ ಎರಡೂ ಸರಿಯಿವೆ ಎಂದು ವೈದ್ಯರು ಹೇಳಿದ ಮೇಲೇ ನಾನು ಬಯೋಫೀಡ್‌ಬ್ಯಾಕ್‌ಗೆ (ದೇಹದ ಏರಿಳಿತವನ್ನು ಪರದೆಯ ಮೇಲೆ ತೋರಿಸಿ, ಹತೋಟಿಗೆ ತರಲು ಕಲಿಸುವ ವಿಧಾನ) ಕೈ ಹಾಕಿದ್ದು.

ಎರಡು ಬೆರಳಿಗೆ ಸೆನ್ಸರ್ ಪಟ್ಟಿ ಸುತ್ತಿದೆ. "ಮನಸಿನಾಗಿಂದೂ ಇದಕ್ಕ ಗೊತ್ತಾಗ್ತೈತೇನ್ರಿ?" ಎಂದ. ಇಲ್ಲ. ಗಾಬರಿಯಾದಾಗ ಅಂಗೈಯ ಬೆವರುಗ್ರಂಥಿಗಳು ಚುರುಕಾಗುತ್ತವೆ, ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ಅಷ್ಟೇ.

"ಇದನ್ನ ಇಳಿಸಿ ನೋಡೋಣ" ಅಂದೆ. ಅದು ನನ್ನ ತಪ್ಪು. ಪರೀಕ್ಷೆಗೆ ಹೆದರುವವನ ಮುಂದೆ ಇನ್ನೊಂದು ಪರೀಕ್ಷೆ ಇಟ್ಟಂತಾಯಿತು. ಹಲ್ಲು ಕಚ್ಚಿ ಕೂತ. ಗೆರೆ ಏರುತ್ತಲೇ ಹೋಯಿತು. "ಆರಾಮ ಆಗಾಕ ಇಷ್ಟ ಬಡದಾಡಾಕತ್ತೀನಿ, ಇದು ನೋಡ್ರಿ ಮ್ಯಾಲೇ ಹೊಂಟೈತಿ!" ಇಪ್ಪತ್ತು ನಿಮಿಷವಾದ ಮೇಲೆ "ಸಾಕು, ಮುಗೀತು" ಎಂದೆ. ಉಸ್ಸಪ್ಪಾ ಎಂದು ಉದ್ದಕ್ಕೆ ಉಸಿರು ಬಿಟ್ಟ. ಸೆನ್ಸರ್ ಇನ್ನೂ ಬೆರಳಲ್ಲೇ ಇತ್ತು. ಗೆರೆ ಜಾರುಬಂಡೆಯಂತೆ ಇಳಿಯಿತು. ಪರದೆ ತೋರಿಸಿದೆ. ಇಬ್ಬರೂ ನಕ್ಕೆವು.

ಮುಂದಿನ ಸಲಹೆಯೆಲ್ಲ ಆ ಉಸಿರಿನಿಂದಲೇ ಹುಟ್ಟಿತು. ನಾಲ್ಕು ಸೆಕೆಂಡು ಒಳಗೆ, ಆರು ಸೆಕೆಂಡು ಹೊರಗೆ, ಅಂದರೆ ನಿಮಿಷಕ್ಕೆ ಆರು ಉಸಿರು. ಹೊತ್ತಿಗೆ ಹತ್ತು ನಿಮಿಷ, ದಿನಕ್ಕೆರಡು ಹೊತ್ತು. ಈ ಲಯದಲ್ಲಿ ಎದೆಬಡಿತವೂ ಉಸಿರಿನ ಜೊತೆ ಏರಿ ಇಳಿಯತೊಡಗುತ್ತದೆ. ಸಂಜೆ ನಾಲ್ಕರ ಮೇಲೆ ಚಹಾ ಬೇಡ. ಹಾಲ್‌ನಲ್ಲಿ ಬೆರಳು ತಣ್ಣಗಾದರೆ ಪೆನ್ ಕೆಳಗಿಟ್ಟು ಐದು ಉಸಿರು. ಪೂರ್ತಿ ಶಾಂತವಾಗಲು ಹೋಗಬಾರದು, ಪರೀಕ್ಷೆಗೆ ಸ್ವಲ್ಪ ಬಿಸಿ ಬೇಕೇ ಬೇಕು. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು.

ಮಿದುಳಿನ ಅಲೆ ಅಳೆಯಲು ತಲೆಗೆ ಕಟ್ಟುವ ಇಇಜಿ ಪಟ್ಟಿ ಆನ್‌ಲೈನ್‌ನಲ್ಲಿ ತರಿಸಲೇ ಎಂದು ಕೇಳಿದ. ಬೇಡವೆಂದೆ. ಹಲ್ಲು ಕಚ್ಚಿದರೆ ದವಡೆ ಸ್ನಾಯುವಿನ ವಿದ್ಯುತ್ತೇ ಮಿದುಳಿನ ಅಲೆಗಳೊಳಗೆ ಬೆರೆಯುತ್ತದೆ. ಇವನಿಗಂತೂ ದುಡ್ಡು ದಂಡ.

ಐದನೇ ಭೇಟಿಯಲ್ಲಿ ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಗೆರೆ ಎಲ್ಲಿದೆ, ನೀವೇ ಹೇಳಿ. "ಏರೈತ್ರಿ... ಈಗ ಇಳೀತು." ಹೆಚ್ಚಿನ ಸಲ ಸರಿಯಾಗಿಯೇ ಹೇಳಿದ. ಅಂದಿನಿಂದ ಯಂತ್ರ ಕಪಾಟಿನಲ್ಲಿದೆ.

ಪ್ರಿಲಿಮ್ಸ್ ಮುಗಿಸಿ ಬಂದಿದ್ದ. "ಕೈ ತಣ್ಣಗಾಗಿದ್ವು ಮೇಡಂ, ಆದ್ರ ಪೇಪರ್ ಪೂರ್ತಿ ಮಾಡೀನ್ರಿ." ಚಹಾ ಮಾತ್ರ ಐದಕ್ಕಿಂತ ಕೆಳಗಿಳಿದಿಲ್ಲ.