ಪ್ಯಾರಿಸ್‌ನಲ್ಲಿ ಊಟ: ಚಾವಣಿಯ ಅಂದಕ್ಕೆ ಹೋಗಬೇಕೆ, ತಟ್ಟೆಯ ರುಚಿಗೆ ಹೋಗಬೇಕೆ?

ಮದುವೆಯ ಹತ್ತನೆಯ ವರ್ಷದ ನೆನಪಿಗೆಂದು ಪತ್ನಿಯೊಡನೆ ಪ್ಯಾರಿಸ್‌ಗೆ ಹೊರಟಿರುವ ನೀವು, ಅಲ್ಲಿ ಸಿಗುವ ನಾಲ್ಕು ರಾತ್ರಿಗಳ ಊಟವನ್ನು ಚಿತ್ರಗಳಲ್ಲಿ ಕಂಡ ಅರಮನೆಯಂಥ ರೆಸ್ಟೋರೆಂಟುಗಳಲ್ಲಿ ಮಾಡಬೇಕೋ, ಅಂದಚಂದವಿಲ್ಲದಿದ್ದರೂ ಅಡುಗೆಗೆ ಹೆಸರಾದ ಕಡೆ ಮಾಡಬೇಕೋ ಎಂದು ಕೇಳಿದ್ದೀರಿ. ಪತ್ನಿಯವರು ಮೊಟ್ಟೆ ತಿನ್ನುತ್ತಾರೆ, ಮಾಂಸ ಮುಟ್ಟುವುದಿಲ್ಲ ಎಂದೂ ತಿಳಿಸಿದ್ದೀರಿ. ಉದ್ಯೋಗದ ನಿಮಿತ್ತ ಆ ಊರಿನಲ್ಲಿ ಆರು ವರ್ಷ ಇದ್ದ ನಾನು ಎರಡೂ ಬಗೆಯ ಕಡೆಗಳಲ್ಲಿ ಹಣ ಕಳೆದುಕೊಂಡಿದ್ದೇನೆ. ಎರಡನ್ನೂ ಅನುಭವಿಸಿ, ಆದರೆ ಒಂದೇ ಹೊತ್ತಿನಲ್ಲಿ ಒಂದೇ ಮೇಜಿನ ಮೇಲೆ ಎರಡನ್ನೂ ನಿರೀಕ್ಷಿಸಬೇಡಿ ಎಂಬುದು ನನ್ನ ಉತ್ತರ.

ನೀವು ಕಳುಹಿಸಿದ ರೆಸ್ಟೋರೆಂಟುಗಳ ಪಟ್ಟಿಯ ಮೊದಲ ಹೆಸರಾದ ಲೆ ಟ್ರೇನ್ ಬ್ಲೂವನ್ನೇ ತೆಗೆದುಕೊಳ್ಳೋಣ. ಗಾರ್ ದ ಲಿಯೋಂ ರೈಲು ನಿಲ್ದಾಣದ ಮಹಡಿಯ ಮೇಲಿರುವ ಈ ಭೋಜನಶಾಲೆ, 1900ರ ವಿಶ್ವ ಪ್ರದರ್ಶನದ ಸಂಭ್ರಮದಲ್ಲಿ ರೂಪುಗೊಂಡು 1901ರಲ್ಲಿ ನಿಲ್ದಾಣದ ಬಫೆಯಾಗಿ ಆರಂಭವಾಯಿತು. ಈಗಿನ ಹೆಸರು ಬಂದದ್ದು 1963ರಲ್ಲಿ. ಚಿನ್ನದ ಲೇಪದ ಕೆತ್ತನೆಗಳ ನಡುವೆ ಗೋಡೆ ಮತ್ತು ಚಾವಣಿಗಳ ಮೇಲೆ 41 ವರ್ಣಚಿತ್ರಗಳಿದ್ದು, ಅವುಗಳಲ್ಲಿ ಬಹುಪಾಲು ಅಲ್ಲಿಂದ ಹೊರಡುವ ರೈಲುಗಳು ತಲುಪುತ್ತಿದ್ದ ಊರುಗಳ ನೋಟಗಳು. 1972ರಿಂದ ಅದು ಸಂರಕ್ಷಿತ ಸ್ಮಾರಕ. ಇದನ್ನು ನೋಡದೆ ಬರಬೇಡಿ ಎಂದೇ ಹೇಳುತ್ತೇನೆ. ಆದರೆ ನೋಡಲು ಭಾರಿ ಊಟವೇ ಆಗಬೇಕೆಂದಿಲ್ಲ. ಮಧ್ಯಾಹ್ನದ ಗದ್ದಲ ಕಳೆದ ಮೇಲೆ ಅದರ ಬಾರ್ ಇರುವ ಭಾಗದಲ್ಲಿ ಕುಳಿತು ಒಂದು ಕಾಫಿ ತರಿಸಿಕೊಂಡರೆ, ಕತ್ತು ನೋಯುವಷ್ಟು ಹೊತ್ತು ತಲೆಯೆತ್ತಿ ನೋಡಬಹುದು.

ಇಂಥ ಕಡೆಗಳಲ್ಲಿ ಊಟ ಸಪ್ಪೆಯಾಗುವುದಕ್ಕೆ ಬಾಣಸಿಗರ ಅಸಡ್ಡೆಯೊಂದೇ ಕಾರಣವಲ್ಲ. ನೂರಾರು ಆಸನಗಳ ಸಭಾಂಗಣಕ್ಕೆ ಒಂದೇ ಹೊತ್ತಿಗೆ ಬಡಿಸಬೇಕಾದ ಅಡುಗೆಮನೆ, ಮೊದಲೇ ಮಾಡಿಟ್ಟು ಬಿಸಿಮಾಡಿ ಕಳುಹಿಸಬಹುದಾದ ತಿನಿಸುಗಳತ್ತ ವಾಲುವುದು ಸಹಜ; ಮೇಲಾಗಿ ಹಳೆಯ ಗಾಜು, ಗಿಲೀಟು, ಕನ್ನಡಿಗಳ ನಿರ್ವಹಣೆಯ ವೆಚ್ಚವೂ ನಿಮ್ಮ ಬಿಲ್ಲಿನಿಂದಲೇ ಬರಬೇಕು. ಎಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ, ಜೀವಮಾನದಲ್ಲಿ ಒಮ್ಮೆ ಬಂದು ಫೋಟೊ ತೆಗೆದುಕೊಂಡು ಹೋಗುವ ಗಿರಾಕಿಯನ್ನು ಮತ್ತೆ ಕರೆಸಿಕೊಳ್ಳುವ ಅಗತ್ಯ ಆ ಅಡುಗೆಮನೆಗೆ ಇರುವುದಿಲ್ಲ. ನಾನೊಮ್ಮೆ ಊರಿನಿಂದ ಬಂದಿದ್ದ ಅಣ್ಣ ಅತ್ತಿಗೆಯರನ್ನು ಬಣ್ಣದ ಗಾಜಿನ ಗುಮ್ಮಟದ ಕೆಳಗಿನ ಒಂದು ಬ್ರಾಸರಿಗೆ, ಅಂದರೆ ಅಲ್ಲಿನ ದೊಡ್ಡ ಊಟದ ಮನೆಗೆ, ಕರೆದೊಯ್ದು, ಕೆನೆಗಟ್ಟಿದ ಸಾಸಿನ ಅಡಿ ಒಣಗಿ ಕೂತಿದ್ದ ಮೀನಿಗೆ ಆ ತಿಂಗಳ ದಿನಸಿಯಷ್ಟು ಹಣ ತೆತ್ತೆ. ಅತ್ತಿಗೆ ಇಂದಿಗೂ ಆ ಗುಮ್ಮಟವನ್ನು ಹೊಗಳುತ್ತಾರೆ, ಮೀನಿನ ಮಾತೆತ್ತುವುದಿಲ್ಲ.

ಹಾಗೂ ಅಂಥ ದೊಡ್ಡ ಬ್ರಾಸರಿಯಲ್ಲೇ ಊಟ ಮಾಡಬೇಕೆಂದಿದ್ದರೆ, ಒಲೆಯ ಮೇಲಿನ ಕೈಚಳಕ ಬೇಡದ ತಿನಿಸುಗಳನ್ನು ಕೇಳಿ. ಅನೇಕ ಬ್ರಾಸರಿಗಳ ಬಾಗಿಲಲ್ಲಿ ಸಿಂಪಿಗಳನ್ನು ಬಿಡಿಸಿ ಮಂಜುಗಡ್ಡೆಯ ಮೇಲೆ ಜೋಡಿಸುವವರು ಬೇರೆಯೇ ಇರುತ್ತಾರೆ. ಆ ತಟ್ಟೆ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಮೋಂಪರ್ನಾಸ್ ಬಡಾವಣೆಯ ಲಾ ಕುಪೋಲ್ ಎಂಬ ಬ್ರಾಸರಿ 1927ರ ಡಿಸೆಂಬರ್‌ನಲ್ಲಿ ತೆರೆದದ್ದು, ಅದರ ಕಂಬಗಳ ಮೇಲೆ ಅಂದಿನ ಕಲಾವಿದರ ಚಿತ್ರಗಳಿವೆ. ಆರಂಭದ ದಿನಗಳಿಂದಲೂ ಅಲ್ಲಿ ಭಾರತೀಯ ಶೈಲಿಯದೆಂದು ಹೇಳುವ ಕುರಿಮರಿಯ ಕರಿ ಪ್ರಸಿದ್ಧ. ಕುತೂಹಲಕ್ಕೆ ರುಚಿ ನೋಡಬಹುದು. ನಮ್ಮ ಮನೆಯ ಖಾರ ಮಸಾಲೆಯನ್ನು ನೆನೆಸಿಕೊಂಡು ಮಾತ್ರ ತರಿಸಬೇಡಿ.

ಅಂದದ ಕಡೆ ಕೊಟ್ಟ ಹಣಕ್ಕೆ ತಕ್ಕ ಊಟ ಸಿಗದೆಂದು ನಾನು ಮೇಲೆ ಹೇಳಿದ ಮಾತಿಗೆ ಒಂದು ದೊಡ್ಡ ಅಪವಾದವಿದೆ, ಬುಯೋಂ ಎಂಬ ಅಗ್ಗದ ಊಟದ ಮನೆಗಳು; ನಿಮ್ಮ ಪಟ್ಟಿಯಲ್ಲಿ ಅವೇ ಇಲ್ಲ. ಬುಯೋಂ ಎಂದರೆ ಮಾಂಸ ಬೇಯಿಸಿದ ಕಟ್ಟು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದುವಾಲ್ ಎಂಬ ಕಟುಕ ವ್ಯಾಪಾರಿ, ದುಡಿಯುವ ಜನರಿಗೆ ಈ ಬಿಸಿ ಕಟ್ಟನ್ನೂ ಬೇಯಿಸಿದ ಮಾಂಸವನ್ನೂ ಅಗ್ಗಕ್ಕೆ ಬಡಿಸಲು ತೆರೆದ ಅಂಗಡಿಗಳಿಂದ ಆ ಹೆಸರು ಊಟದ ಮನೆಗೇ ಅಂಟಿತು. 1896ರಲ್ಲಿ ಆರಂಭವಾದ ಶಾರ್ತಿಯೆ, ಫೋಬೂರ್ ಮೋಂಮಾರ್ತ್ರ್ ಬೀದಿಯಲ್ಲಿ ಇಂದಿಗೂ ನಡೆಯುತ್ತಿದೆ: ಎತ್ತರದ ಗಾಜಿನ ಚಾವಣಿ, ಸಾಮಾನಿಡುವ ಹಿತ್ತಾಳೆಯ ಅಟ್ಟಣಿಗೆ, ಕಾಯಂ ಗಿರಾಕಿಗಳು ಹಿಂದೆ ತಮ್ಮ ಕೈವಸ್ತ್ರಗಳನ್ನಿಡುತ್ತಿದ್ದ ಸಂಖ್ಯೆ ಹಚ್ಚಿದ ಪುಟ್ಟ ಸೆಳೆಖಾನೆಗಳು. ಮಾಣಿ ನಿಮ್ಮ ಲೆಕ್ಕವನ್ನು ಮೇಜಿಗೆ ಹಾಸಿದ ಕಾಗದದ ಮೇಲೆಯೇ ಬರೆದು ಕೂಡಿಸುತ್ತಾನೆ. ಅಪರಿಚಿತರನ್ನು ನಿಮ್ಮ ಎದುರಿಗೇ ಕೂರಿಸಿದರೆ ಬೇಸರಿಸಬೇಡಿ. ಫೋಬೂರ್ ಸ್ಯಾಂ ದನಿ ಬೀದಿಯ ಬುಯೋಂ ಜೂಲಿಯೆನ್ ಇನ್ನೂ ಸುಂದರವಾದದ್ದು, ಬಳ್ಳಿ ಹೂಗಳಂಥ ಬಾಗುಗೆರೆಗಳ ಆರ್ ನುವೋ ಶೈಲಿಯ 1906ರ ಕೋಣೆ, ಗೋಡೆಯಲ್ಲಿ ನಾಲ್ಕು ಋತುಗಳ ಹೆಣ್ಣುಗಳು. ನಡುವೆ ದುಬಾರಿ ಬ್ರಾಸರಿಯಾಗಿದ್ದ ಅದು 2018ರಲ್ಲಿ ಮತ್ತೆ ಬುಯೋಂ ಆಯಿತು. ಇಲ್ಲಿನ ಅಡುಗೆ ಅದ್ಭುತವೇನಲ್ಲ, ಆದರೆ ಬೆಲೆಗೆ ತಕ್ಕ ಪ್ರಾಮಾಣಿಕತೆ ಅದರಲ್ಲಿದೆ. ನಿಮ್ಮ ಪತ್ನಿಯವರಿಗೆ ಮೊಟ್ಟೆ ಮೆಯೊನೇಸ್, ವಿನೆಗರ್ ಎಣ್ಣೆಯಲ್ಲಿ ಕಲಸಿದ ಬೆಂದ ಲೀಕ್ ಈರುಳ್ಳಿ, ಕೊನೆಗೆ ಬಿಸಿ ಚಾಕೊಲೇಟ್ ಸುರಿದ ಪ್ರೊಫಿತೆರೋಲ್ ಎಂಬ ಸಿಹಿತಿನಿಸು ಸಿಗಬಹುದು. ಈರುಳ್ಳಿ ಸೂಪ್ ಎಂಬ ಹೆಸರನ್ನು ನಂಬಬೇಡಿ. ಅದನ್ನು ಸಾಮಾನ್ಯವಾಗಿ ದನದ ಮೂಳೆಯ ಕಟ್ಟಿನಲ್ಲಿ ಮಾಡುತ್ತಾರೆ. ಬೇಳೆಯ ತಿನಿಸುಗಳಲ್ಲೂ ಹಂದಿಮಾಂಸದ ಚೂರುಗಳಿರುವುದುಂಟು.

ಇನ್ನು ಕೇವಲ ರುಚಿಗಾಗಿ ಹೋಗುವ ಕಡೆಗಳು. 1992ರಲ್ಲಿ ಈವ್ ಕಾಮ್ದಬೋರ್ದ್ ಎಂಬ ಬಾಣಸಿಗ, ಕ್ರಿಯೋಂ ಎಂಬ ಐಷಾರಾಮಿ ಹೋಟೆಲಿನ ಅಡುಗೆಮನೆಯನ್ನು ಬಿಟ್ಟು ನಗರದ ಅಂಚಿನಲ್ಲಿ ಲಾ ರೆಗಲಾದ್ ಎಂಬ ಸಾಧಾರಣ ಬಿಸ್ತ್ರೋ, ಅಂದರೆ ಚಿಕ್ಕ ಊಟದ ಮನೆ, ತೆರೆದು, ಬೆಳ್ಳಿಯ ಚಮಚ, ಬಿಳಿ ಮೇಜುಬಟ್ಟೆಗಳ ಖರ್ಚನ್ನು ಉಳಿಸಿ ಅದನ್ನು ತಟ್ಟೆಗೆ ಹಾಕಬಹುದೆಂದು ತೋರಿಸಿದರು. ಮುಂದೆ ಇದಕ್ಕೆ ಬಿಸ್ತ್ರೊನಮಿ ಎಂದು ಹೆಸರಾಯಿತು. ಇಂಥವನ್ನು ಗುರುತಿಸಲು ನಾನು ನೋಡುವುದು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ, ದಿನಕ್ಕೆ ತಕ್ಕಂತೆ ಬದಲಾಗುವ ಚಿಕ್ಕ ಪಟ್ಟಿಯನ್ನು. ಪಾತ್ರೆಯ ಮೇಲೆ ಮನೆಯ ಸೂರಿನಂಥ ಮುಚ್ಚಳವಿರುವ ಗುರುತೂ ಒಂದಿದೆ, ಅಲ್ಲೇ ತಯಾರಿಸಿದ್ದು ಎಂದು ಸೂಚಿಸಲು ಸರ್ಕಾರ 2014ರಲ್ಲಿ ತಂದದ್ದು. ಆದರೆ ಹೆಪ್ಪುಗಟ್ಟಿಸಿದ ಹಸಿ ಪದಾರ್ಥವನ್ನು ಬಳಸಿದರೂ ಆ ಗುರುತು ಹಾಕಬಹುದಾದ್ದರಿಂದ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಹಾಗೆಯೇ ಮೇಜು ಅಲುಗಾಡುತ್ತದೆ, ಗೋಡೆಯ ಬಣ್ಣ ಸುಲಿದಿದೆ ಎಂದಮಾತ್ರಕ್ಕೆ ಒಳಗಿನ ಅಡುಗೆ ದೊಡ್ಡದೆಂದು ಭಾವಿಸುವುದೂ ತಪ್ಪು. ಹೊಸ ರೆಸ್ಟೋರೆಂಟುಗಳು ಈಗ ಹಳತನವನ್ನೂ ಅಂಗಡಿಯಿಂದ ಕೊಂಡು ತರುತ್ತವೆ.

ರೆಸ್ಟೋರೆಂಟುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಮಾರ್ಗದರ್ಶಿಯ ನಕ್ಷತ್ರಗಳು ತಟ್ಟೆಯಲ್ಲಿರುವುದಕ್ಕೆ ಮಾತ್ರ. ಕೋಣೆಯ ಸುಖ ಸೌಕರ್ಯಗಳನ್ನು ಅದು ಬಹುಕಾಲ ಚಮಚ ಮತ್ತು ಮುಳ್ಳುಚಮಚದ ಬೇರೆ ಗುರುತಿನಿಂದ ತೋರಿಸುತ್ತಿತ್ತು. ಅಂದರೆ ನಿಮ್ಮನ್ನು ಕಾಡುತ್ತಿರುವ ಈ ಭೇದ ಫ್ರೆಂಚರಿಗೂ ಹಳೆಯದೇ. ಎರಡೂ ಒಟ್ಟಿಗೆ ಬೇಕೆಂದರೆ ನಕ್ಷತ್ರವಿರುವ ಅಂದದ ಕಡೆಗೆ ರಾತ್ರಿಯ ಬದಲು ವಾರದ ನಡುವಿನ ಮಧ್ಯಾಹ್ನ ಹೋಗಿ, ಆಗ ನಿಗದಿತ ಬೆಲೆಯ ಊಟ ಸಾಮಾನ್ಯವಾಗಿ ಬಹಳ ಕಡಿಮೆಗೆ ಸಿಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಬಂದ ಮೊದಲ ಸಂಜೆ ದಣಿವಿನಲ್ಲೇ ಜೂಲಿಯೆನ್‌ಗೆ ಹೋಗುತ್ತಿದ್ದೆ, ಒಂದು ಮಧ್ಯಾಹ್ನ ಟ್ರೇನ್ ಬ್ಲೂ ಕಾಫಿಗೆ ಮೀಸಲಿಡುತ್ತಿದ್ದೆ, ವಾರ್ಷಿಕೋತ್ಸವದ ರಾತ್ರಿಯನ್ನು ಮಾತ್ರ ಚಿಕ್ಕ ಬಿಸ್ತ್ರೋಗೆ ಕೊಡುತ್ತಿದ್ದೆ. ಅದಕ್ಕೆ ಎರಡು ಮೂರು ವಾರ ಮೊದಲೇ ಮೇಜು ಕಾಯ್ದಿರಿಸಿ, ಮಾಂಸ ಬೇಡವೆಂಬುದನ್ನು ಆಗಲೇ ತಿಳಿಸಿ, ಏಕೆಂದರೆ ಚಿಕ್ಕ ಪಟ್ಟಿಯ ಅಡುಗೆಮನೆಯಲ್ಲಿ ಆ ಕ್ಷಣದಲ್ಲಿ ಬದಲಿ ತಿನಿಸು ಹುಟ್ಟುವುದಿಲ್ಲ. ಭಾನುವಾರ, ಸೋಮವಾರ ಮತ್ತು ಆಗಸ್ಟ್ ತಿಂಗಳಲ್ಲಿ ಅವುಗಳಲ್ಲಿ ಅನೇಕವು ಬಾಗಿಲು ಹಾಕಿರುತ್ತವೆ ಎಂಬುದನ್ನು ಟಿಕೆಟ್ ಮಾಡಿಸುವ ಮೊದಲೇ ನೋಡಿಕೊಳ್ಳಿ.